ಪ್ರಶ್ನೋತ್ತರ: ಆರಿಸಿದ್ದು ಜನ, ತಡೆಯಲು ಕೋರ್ಟು ಯಾರು?

ಪ್ರಶ್ನೆ: ಸರ್ಕಾರಕ್ಕೆ ಬಹುಮತ ಕೊಟ್ಟವರು ಜನ. ನ್ಯಾಯಾಧೀಶರನ್ನು ಯಾರೂ ಆರಿಸಿಲ್ಲ. ಹಾಗಿರುವಾಗ ಸರ್ಕಾರದ ತೀರ್ಮಾನವನ್ನು ಕೋರ್ಟು ರದ್ದು ಮಾಡಿದರೆ ಜನರ ಮಾತು ಮೀರಿದಂತಲ್ಲವೇ? ಸಂವಿಧಾನ ಬಲ್ಲವರು ತಿಳಿಸಿ ಸರ್.

ಉತ್ತರ (ಸಂವಿಧಾನ ಕಾನೂನು): ಬಹುಮತವೂ ಜನವೂ ಒಂದೇ ಎಂದುಕೊಂಡಲ್ಲೇ ಗಂಟು ಬಿದ್ದಿದೆ. 2024ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷಕ್ಕೆ ಬಿದ್ದ ಮತ ಶೇ. 33.7, ಸಿಕ್ಕ ಸ್ಥಾನ 650ರಲ್ಲಿ 411. ಆದರೂ ಆ ಸರ್ಕಾರ ನ್ಯಾಯಸಮ್ಮತವೇ. ಆಟದ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು, ಸೋತವರಿಗೆ ಮುಂದಿನ ಸಲ ಗೆಲ್ಲುವ ದಾರಿ ತೆರೆದೇ ಇದೆ. ಕುರ್ಚಿ ಯಾರಿಗೆ ಎಂಬುದಕ್ಕಷ್ಟೇ ಎಣಿಕೆ. ಅಧಿಕಾರದ ಒಡೆತನ ಸೋತವರನ್ನೂ ಸೇರಿಸಿ ಎಲ್ಲರದು.

ಆ ದಾರಿಯನ್ನೇ ಮುಚ್ಚಿದರೆ? 1933ರ ಮಾರ್ಚ್ 23ರಂದು ಜರ್ಮನಿಯ ಸಂಸತ್ತು ಶಾಸನ ಮಾಡುವ ಅಧಿಕಾರವನ್ನು ಹಿಟ್ಲರನ ಸರ್ಕಾರಕ್ಕೆ ಬಿಟ್ಟುಕೊಟ್ಟಿತು: ಪರ 444, ವಿರೋಧ 94. ಕಾಗದದ ಮೇಲೆ ಮೂರನೇ ಎರಡರಷ್ಟು ಬಹುಮತ. ಕಮ್ಯುನಿಸ್ಟ್ ಸದಸ್ಯರನ್ನು ಸದನದೊಳಗೇ ಬಿಟ್ಟಿರಲಿಲ್ಲ. ಆ ಪಾಠ ಕಲಿತೇ ಜರ್ಮನಿಯ ಸಂವಿಧಾನವಾದ 1949ರ ‘ಮೂಲ ಕಾನೂನಿ’ನ 20ನೇ ವಿಧಿ ಬರೆದದ್ದು: ಅಧಿಕಾರವೆಲ್ಲ ಜನರಿಂದ, ಜನ ಅದನ್ನು ಚುನಾವಣೆಯಿಂದಲೂ, ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಮೂಲಕವೂ ಚಲಾಯಿಸುತ್ತಾರೆ. ನ್ಯಾಯಾಧೀಶರ ಅಧಿಕಾರದ ಬೇರೂ ಅಲ್ಲೇ ಇದೆ, ನೋಡಿ. 79ನೇ ವಿಧಿಯ ಪ್ರಕಾರ ಈ ತತ್ತ್ವವನ್ನು ತಿದ್ದುಪಡಿಯಿಂದಲೂ ಅಲುಗಿಸುವಂತಿಲ್ಲ.

ಪ್ರಶ್ನೆ: ಹಾಗಾದರೆ ಕೋರ್ಟು ಹೇಳಿದ್ದೆಲ್ಲ ಸರಿಯೇ?

ಉತ್ತರ: ಖಂಡಿತ ಇಲ್ಲ. 2019ರಲ್ಲಿ ಬ್ರಿಟನ್ನಿನ ಸಂಸತ್ತನ್ನು ಐದು ವಾರ ಮುಂದೂಡಿದ್ದು ಕಾನೂನುಬಾಹಿರ ಎಂದು 11 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆದರೆ ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು, ಹೇಗಾಗಬೇಕು ಎಂಬ ಗೋಜಿಗೆ ಹೋಗಲಿಲ್ಲ. ಅದನ್ನು ಸಂಸತ್ತಿಗೇ ಬಿಟ್ಟರು. ನೀತಿಯನ್ನೂ ಕೋರ್ಟೇ ರೂಪಿಸಲು ಹೊರಟರೆ ನಿಮ್ಮ ತಕರಾರು ನ್ಯಾಯವಾದದ್ದೇ.

ಇನ್ನೊಂದು ಉತ್ತರ (ಚುನಾವಣಾ ಕೆಲಸ): ಸೋತವರು ಒಪ್ಪಬೇಕಾದರೆ ಲೆಕ್ಕ ಕಣ್ಣೆದುರಿಗಿರಬೇಕು. ಮತಪತ್ರದ ಚುನಾವಣೆಯನ್ನೇ ತಗೊಳ್ಳಿ. ಖಾಲಿ ಪೆಟ್ಟಿಗೆಯನ್ನು ಎಲ್ಲ ಪಕ್ಷಗಳ ಏಜೆಂಟರಿಗೂ ತೋರಿಸಿಯೇ ಸೀಲ್ ಮಾಡಬೇಕು, ಸೀಲ್ ನಂಬರನ್ನು ಅವರೂ ಬರೆದುಕೊಳ್ಳಬೇಕು. ಮತಗಟ್ಟೆಗೆ ಬಂದ ಮತಪತ್ರ 1000, ಉಳಿದದ್ದು 240, ಹಾಳಾಗಿ ಬದಲಿಸಿಕೊಟ್ಟದ್ದು 5 ಅಂದರೆ ಪೆಟ್ಟಿಗೆಯಲ್ಲಿ 755 ಇರಬೇಕು. 761 ಸಿಕ್ಕರೆ ಹೊರಗಿನಿಂದ ಸೇರಿಸಿದ್ದಾರೋ ಎಂದು ನೋಡಬೇಕು. 754 ಸಿಕ್ಕರೆ ‘ಒಂದೇ ತಾನೇ’ ಅನ್ನಬೇಡಿ. ಒಬ್ಬ ಖಾಲಿ ಮತಪತ್ರವನ್ನು ಜೇಬಿಗಿಳಿಸಿ ಹೊರಗೆ ತಂದಿರಬಹುದು. ದಲ್ಲಾಳಿ ಅದಕ್ಕೆ ಗುರುತು ಹಾಕಿ ಮುಂದಿನವನ ಕೈಗೆ ಕೊಡುತ್ತಾನೆ. ಅವನು ಅದನ್ನು ಪೆಟ್ಟಿಗೆಗೆ ಹಾಕಿ, ತನ್ನ ಖಾಲಿ ಪತ್ರವನ್ನು ಹೊರಗೆ ತರುತ್ತಾನೆ. ದಿನವಿಡೀ ಹೀಗೆ ನಡೆದರೂ ಲೆಕ್ಕದಲ್ಲಿ ಕಮ್ಮಿ ಕಾಣುವುದು ಒಂದೇ.