ಬೋರರ್, ಮಳೆ, ಆನೆ ಎಲ್ಲಾ ಒಟ್ಟಿಗೆ ಓದಬೇಕು ಅಂದ್ರೆ ಪಿಎಚ್‌ಡಿಗೆ ಯಾವ ವಿಭಾಗಕ್ಕೆ ಹೋಗಬೇಕು?

ಸಕಲೇಶಪುರದ_ಗಣಿತ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂಎಸ್ಸಿ ಗಣಿತ ಮುಗಿಸುತ್ತಿದ್ದೇನೆ. ಮನೆ ಸಕಲೇಶಪುರದ ಹತ್ತಿರ, ಕಾಫಿ ತೋಟ, ಸ್ವಲ್ಪ ಅರೇಬಿಕಾ, ಸ್ವಲ್ಪ ರೋಬಸ್ಟಾ, ಮೆಣಸು ಇದೆ. ನನ್ನ ತಲೆಯಲ್ಲಿ ಇರುವ ವಿಷಯ ಹೀಗಿದೆ. ಬೋರರ್ ಅಂದರೆ ಕಾಂಡ ಕೊರೆಯುವ ಹುಳ, ಅದರ ಕಾಟ ತಡೆಯಲಾರದೆ ಅರೇಬಿಕಾ ಕಿತ್ತು ರೋಬಸ್ಟಾ ಹಾಕುತ್ತಾರೆ. ರೋಬಸ್ಟಾಗೆ ಬಿಸಿಲು ಬೇಕು ಅಂತ ನೆರಳು ತೆಗೆಯುತ್ತಾರೆ, ನೆರಳು ಹೋದ ಕಡೆ ಉಳಿದ ಅರೇಬಿಕಾಕ್ಕೆ ಬೋರರ್ ಇನ್ನೂ ಜಾಸ್ತಿ. ಹೂ ಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ತಪ್ಪಿದರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಬೇಕು, ಅದಕ್ಕೆ ತೋಟದೊಳಗೇ ಕೆರೆ ಬೇಕು, ಕೆರೆ ಆದ ಮೇಲೆ ಬೇಸಿಗೆಯಲ್ಲಿ ಆನೆಗೂ ಅಲ್ಲೇ ನೀರು. ಆನೆ ಇದೆ ಅಂದ ದಿನ ಕೆಲಸದವರು ಬರುವುದಿಲ್ಲ, ಕುಯ್ಲು ತಡವಾಗುತ್ತದೆ, ಹಣ್ಣು ಉದುರುತ್ತದೆ, ಉದುರಿದ ಹಣ್ಣಲ್ಲಿ ಕಾಯಿಕೊರಕ ಅನ್ನುವ ಇನ್ನೊಂದು ಹುಳ ಸೇರಿಕೊಳ್ಳುತ್ತದೆ.

ಇದನ್ನೆಲ್ಲ ಒಟ್ಟಿಗೆ ಇಟ್ಟು ಓದಬೇಕು ಅಂತ ಆಸೆ. ಕಾಲೇಜಲ್ಲಿ ಕೇಳಿದರೆ ಒಬ್ಬರು ಕೃಷಿ ವಿಶ್ವವಿದ್ಯಾಲಯಕ್ಕೆ ಹೋಗು ಅಂದರು, ಇನ್ನೊಬ್ಬರು ಇದು ಪ್ರಾಣಿಶಾಸ್ತ್ರ ಅಂದರು, ಮತ್ತೊಬ್ಬರು ಇದರಲ್ಲಿ ಗಣಿತ ಎಲ್ಲಿದೆ ಅಂತ ಕೇಳಿದರು. ಇಂಥ ಸಂಶೋಧನೆಗೆ ನಿಜವಾಗಿ ಜಾಗ ಇದೆಯಾ? ಆಮೇಲೆ ಕೆಲಸ ಸಿಗುತ್ತದಾ?

ಮೂಡಿಗೆರೆ_ಟು_ಬೆಂಗಳೂರು:

ತಂಗಿ, ನೀವು ಬರೆದಿರುವುದರಲ್ಲಿ ಗಣಿತ ತುಂಬಿಕೊಂಡಿದೆ. ಬೋರರ್‌ನಿಂದ ಹೊರಟು ಮತ್ತೆ ಬೋರರ್‌ಗೇ ಬಂದಿರಿ, ಆ ಸುತ್ತಿಗೆ ಫೀಡ್‌ಬ್ಯಾಕ್ ಅಂತಾರೆ. ಇಂಥ ಸುತ್ತುಗಳು ಒಂದಕ್ಕೊಂದು ಸಿಕ್ಕಿಕೊಂಡಿರುವಾಗ ಒಂದನ್ನೇ ಬಿಡಿಸಿ ಓದಿದರೆ ಒಟ್ಟು ಏನಾಗುತ್ತಿದೆ ಅಂತ ತಿಳಿಯುವುದಿಲ್ಲ. ಇದನ್ನೇ ಕಾಂಪ್ಲೆಕ್ಸ್ ಸಿಸ್ಟಮ್ಸ್ ಅನ್ನುವುದು. 1984ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸಾಂಟಾ ಫೆ ಇನ್‌ಸ್ಟಿಟ್ಯೂಟ್ ಶುರುವಾಗಿದ್ದೇ ಇದಕ್ಕಾಗಿ, ಅಲ್ಲಿ ವಿಭಾಗಗಳೇ ಇಲ್ಲ. 2021ರ ಫಿಸಿಕ್ಸ್ ನೊಬೆಲ್ ಕೂಡ ಸಂಕೀರ್ಣ ವ್ಯವಸ್ಥೆಗಳ ಕೆಲಸಕ್ಕೇ ಬಂತು. ಮನಾಬೆ ಮತ್ತು ಹಾಸೆಲ್‌ಮನ್ ಭೂಮಿಯ ಹವಾಮಾನದ ಮೇಲೆ ಮಾಡಿದ್ದು, ಪರೀಸಿ ಮಾಡಿದ್ದು ಅಣುಗಳ ಅಸ್ತವ್ಯಸ್ತ ಜೋಡಣೆಯ ಮೇಲೆ.

ಆದರೆ ನಿಮಗೆ ಹೇಳಲೇಬೇಕಾದ್ದು ಬೇರೆ ಇದೆ. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ವಾಂಡರ್‌ಮೀರ್ ಮತ್ತು ಇವೆಟ್ ಪರ್ಫೆಕ್ಟೊ ಮೆಕ್ಸಿಕೊದ ಚಿಯಾಪಾಸ್‌ನಲ್ಲಿ ಒಂದು ಕಾಫಿ ತೋಟವನ್ನೇ ವರ್ಷಗಟ್ಟಲೆ ಓದಿದರು. 45 ಹೆಕ್ಟೇರ್ ಜಾಗದಲ್ಲಿ ಯಾವ ನೆರಳು ಮರದಲ್ಲಿ ಇರುವೆ ಗೂಡಿದೆ ಅಂತ ಗುರುತು ಹಾಕಿದರು. ಅಜ್ಟೆಕಾ ಅನ್ನುವ ಆ ಇರುವೆ, ಕಾಫಿ ಎಲೆಯ ರಸ ಹೀರುವ ಹಸಿರು ಶಲ್ಕ ಕೀಟವನ್ನು ಕಾಯುತ್ತದೆ, ಯಾಕೆಂದರೆ ಅದರಿಂದ ಸಿಹಿ ಅಂಟು ಸಿಗುತ್ತದೆ. ಶಲ್ಕ ಕೀಟವನ್ನು ತಿನ್ನಲು ಬರುವ ಗುಲಗಂಜಿ ಹುಳವನ್ನು ಇರುವೆ ಓಡಿಸುತ್ತದೆ. ಹಾಗಾದರೆ ಇರುವೆ ಕೆಟ್ಟದ್ದು ಅಂತ ಔಷಧಿ ಹೊಡೆಯೋಣ ಅನಿಸುತ್ತದೆ ಅಲ್ವಾ? ಮುಂದೆ ನೋಡಿ. ಆ ಗುಲಗಂಜಿ ಹುಳದ ಮರಿಗೆ ಮೈಮೇಲೆ ಮೇಣ ಇರುವುದರಿಂದ ಇರುವೆಗೆ ಕಚ್ಚಲು ಆಗದು, ಅದು ಇರುವೆ ಗೂಡಿನ ಹತ್ತಿರವೇ ಸುಖವಾಗಿ ಬೆಳೆಯುತ್ತದೆ. ಫೋರಿಡ್ ಅನ್ನುವ ಸಣ್ಣ ನೊಣ ಇರುವೆಯ ಮೈಯಲ್ಲಿ ಮೊಟ್ಟೆ ಇಡಲು ಬಂದರೆ ಇರುವೆಗಳು ಅಲ್ಲಾಡದೆ ನಿಲ್ಲುತ್ತವೆ, ಆ ಹೊತ್ತಿಗೆ ಗುಲಗಂಜಿ ಹುಳ ನುಗ್ಗಿ ಮೊಟ್ಟೆ ಇಟ್ಟುಬಿಡುತ್ತದೆ. ಶಲ್ಕ ಕೀಟ ಒತ್ತಾಗಿ ಬೆಳೆದ ಕಡೆ ಒಂದು ಬಿಳಿ ಶಿಲೀಂಧ್ರ ಹತ್ತುತ್ತದೆ, ಅದೇ ಶಿಲೀಂಧ್ರ ಕಾಫಿಯ ಎಲೆ ತುಕ್ಕು ರೋಗದ ಮೇಲೂ ಬೆಳೆಯುತ್ತದೆ! 1869ರ ಹೊತ್ತಿಗೆ ಸಿಲೋನಿಗೆ (ಈಗಿನ ಶ್ರೀಲಂಕಾ) ಬಂದು ಅಲ್ಲಿನ ಕಾಫಿಯನ್ನೇ ಮುಗಿಸಿದ ರೋಗ ಅದು. ತೋಟದಲ್ಲಿ ಇರುವೆ ಗೂಡುಗಳು ಗುಂಪು ಗುಂಪಾಗಿ ಯಾಕಿವೆ ಅನ್ನುವುದನ್ನು ಅವರು ಗಣಿತದಿಂದ ವಿವರಿಸಿದರು, 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಆ ಗಣಿತದ ಬೇರು, ವಿನ್ಯಾಸಗಳು ತಾವಾಗೇ ಹೇಗೆ ಮೂಡುತ್ತವೆ ಅಂತ ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಮಾಡಿದ ಕೆಲಸದ ತನಕ ಹೋಗುತ್ತದೆ.

ಬೆಂಗಳೂರಿನಲ್ಲೇ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಸೆಂಟರ್ ಫಾರ್ ಇಕಲಾಜಿಕಲ್ ಸೈನ್ಸಸ್‌ ಇದೆ, ಗಣಿತ ಓದಿದವರೂ ಅಲ್ಲಿದ್ದಾರೆ. ವಿಭಾಗದ ಹೆಸರು ನೋಡಬೇಡಿ, ಯಾರು ಗೈಡ್ ಆಗುತ್ತಾರೆ, ಅವರು ಏನು ಬರೆದಿದ್ದಾರೆ ಅಂತ ನೋಡಿ.

ಅರಸೀಕೆರೆ_ಮೇಷ್ಟ್ರು:

ಮೇಲಿನವರು ಹೇಳಿದ್ದು ಸರಿ. ನಾನು ಕೆಲಸದ ಮಾತು ಹೇಳುತ್ತೇನಮ್ಮ. ನಮ್ಮಲ್ಲಿ ಅಧ್ಯಾಪಕರ ಹುದ್ದೆಗೆ ಅರ್ಜಿ ಹಾಕುವಾಗ ಎಂಎಸ್ಸಿ ಯಾವುದು, ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದು ಯಾವ ವಿಷಯದಲ್ಲಿ ಅಂತ ಕೇಳುತ್ತಾರೆ. ಹಾಗಾಗಿ ಸಿಎಸ್‌ಐಆರ್ ನೆಟ್ ಅನ್ನು ಗಣಿತದಲ್ಲೇ ಪಾಸ್ ಮಾಡಿಕೊಳ್ಳಿ. ಅದರಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಮನೆಯಲ್ಲಿ ಕೇಳದೆ ಓದಬಹುದು. ಡೈನಮಿಕಲ್ ಸಿಸ್ಟಮ್ಸ್, ಸಂಭವನೀಯತೆ, ನೆಟ್‌ವರ್ಕ್ ಇವು ಗಟ್ಟಿಯಾಗಿರಲಿ. ಯಾವುದರಲ್ಲೂ ಆಳ ಇಲ್ಲದೆ ಎಲ್ಲದರ ಬಗ್ಗೆ ಮಾತಾಡುವವರನ್ನು ಯಾವ ವಿಭಾಗವೂ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲೂಬಾರದು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಬಾಲಿ ದ್ವೀಪದಲ್ಲಿ ಯಾವ ಗದ್ದೆಗೆ ಯಾವಾಗ ನೀರು ಅಂತ ನೀರಿನ ದೇವಸ್ಥಾನಗಳು ತೀರ್ಮಾನಿಸುತ್ತಿದ್ದವು. 1970ರ ದಶಕದಲ್ಲಿ ಎಲ್ಲರೂ ಬಿಡುವಿಲ್ಲದೆ ಭತ್ತ ಬೆಳೆಯಿರಿ ಅಂತ ಸರ್ಕಾರ ಒತ್ತಾಯ ಮಾಡಿತು. ನೀರೂ ಸಾಲಲಿಲ್ಲ, ಹುಳವೂ ಹೆಚ್ಚಾಯಿತು. ಮಾನವಶಾಸ್ತ್ರದ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನದ ಜೇಮ್ಸ್ ಕ್ರೆಮರ್ ಸೇರಿ ಕಂಪ್ಯೂಟರ್ ಮಾದರಿ ಮಾಡಿದಾಗ ಗೊತ್ತಾಯಿತು, ಅಕ್ಕಪಕ್ಕದವರು ಒಟ್ಟಿಗೆ ಗದ್ದೆ ಪಾಳು ಬಿಟ್ಟರೆ ಹುಳಕ್ಕೆ ಊಟ ಇಲ್ಲ, ಎಲ್ಲರೂ ಒಟ್ಟಿಗೆ ನೀರು ಬಿಟ್ಟುಕೊಂಡರೆ ಕೆಳಗಿನವರಿಗೆ ನೀರಿಲ್ಲ, ಇವೆರಡರ ನಡುವೆ ದೇವಸ್ಥಾನದ ಕಟ್ಟು ಸರಿಯಾಗಿ ಕೂರುತ್ತಿತ್ತು ಅಂತ. ನಮ್ಮ ಬಯಲು ಸೀಮೆಯಲ್ಲಿ ಒಂದು ಕೆರೆ ಕೋಡಿ ಬಿದ್ದು ಮುಂದಿನ ಕೆರೆಗೆ ಹೋಗುವ ಸಾಲುಗಳಿವೆ, ತೆಂಗಿನ ತೋಟಕ್ಕೆ ಕೊರೆದ ಬೋರ್‌ವೆಲ್‌ಗಳಿವೆ. ಇವೆರಡನ್ನೂ ಒಟ್ಟಿಗೆ ಇಟ್ಟು ಯಾರಾದರೂ ಲೆಕ್ಕ ಹಾಕಲಿ ಅಂತ ನನಗೆ ಬಹಳ ಆಸೆ.

ಬಾಳೆಹೊನ್ನೂರು_ಪ್ಲಾಂಟರ್:

ಮಗಳೇ, ನಿನ್ನ ಪಟ್ಟಿ ಚೆನ್ನಾಗಿದೆ, ಆದರೆ ಅದರಲ್ಲಿ ರೇಟ್ ಇಲ್ಲ. ಅರೇಬಿಕಾ ಕಿತ್ತಿದ್ದು ಬೋರರ್ ಒಂದಕ್ಕೇ ಅಲ್ಲ. ರೋಬಸ್ಟಾ ಬೆಲೆ ಏರಿತು, ಕೂಲಿಯವರು ಸಿಗುತ್ತಿಲ್ಲ, ಅರೇಬಿಕಾಗೆ ಉಪಚಾರ ಜಾಸ್ತಿ. ನೆರಳಿಗಿದ್ದ ಕಾಡು ಮರ ಹೋಗಿ ಸಿಲ್ವರ್ ಓಕ್ ಬಂದಿದ್ದೂ ಹಾಗೇ: ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಾರುವುದು ಸುಲಭ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಹಾಳಾದರೆ ಇಲ್ಲಿ ರೇಟ್ ಏರುತ್ತದೆ, ಅದರ ಮೇಲೆ ನಮ್ಮೂರಲ್ಲಿ ಮರ ಉಳಿಯುತ್ತದೋ ಬೀಳುತ್ತದೋ ಅನ್ನುವುದು ತೀರ್ಮಾನ ಆಗುತ್ತದೆ. ತೋಟದವನ ಸಾಲ, ಭಯ ಲೆಕ್ಕಕ್ಕೆ ಬರದ ಮಾದರಿಯಿಂದ ನಮಗೆ ಉಪಯೋಗ ಇಲ್ಲ.

ಆನೆ ವಿಷಯವೂ ನೋಡು. ಆಲೂರು ಕಡೆಯಿಂದ ಹಿಡಿದು ಸಾಗಿಸಿದರು, ಮತ್ತೆ ಆನೆ ಬಂದವು. ಜಾಗ ಖಾಲಿಯಾಯಿತು, ಮೇವು ನೀರು ಹಾಗೇ ಇತ್ತು.

ಒಂದು ಕೆಲಸ ಮಾಡು. ಇಲ್ಲಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಮೊದಲು ಅಲ್ಲಿ ಹೋಗಿ ಮಾತಾಡು. ಹಳೆಯ ಎಸ್ಟೇಟ್‌ಗಳಲ್ಲಿ ಮಳೆ ಪುಸ್ತಕ ಇರುತ್ತದೆ, ದಿನದಿನದ ಮಳೆ ಇಂಚಿನಲ್ಲಿ ಬರೆದಿರುತ್ತಾರೆ. ನಮ್ಮ ಮನೆಯಲ್ಲೂ ತಾತನ ಕಾಲದ್ದಿದೆ, ನೋಡಲು ಕೊಡುತ್ತೇನೆ.

ಸಕಲೇಶಪುರದ_ಗಣಿತ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಕಲ್, ಬೆಲೆ ಸೇರಿಸಲೇಬೇಕು, ನೀವು ಹೇಳಿದ್ದು ಸರಿ. ಮಳೆ ಪುಸ್ತಕ ಸಿಕ್ಕರೆ ಅದರಿಂದ ಎಲ್ಲಿ ಶುರು ಮಾಡಲಿ? ನನಗೆ ಕೋಡಿಂಗ್ ಅಷ್ಟಾಗಿ ಬರಲ್ಲ.

ಮೂಡಿಗೆರೆ_ಟು_ಬೆಂಗಳೂರು:

ಮೊದಲು ಮಳೆಯನ್ನು ಎಕ್ಸೆಲ್‌ಗೆ ಏರಿಸಿ, ಪಕ್ಕದಲ್ಲಿ ಹೂ ಮಳೆ ಬಂದ ತಾರೀಕು, ಆ ವರ್ಷದ ಫಸಲು, ಬೋರರ್ ಹತ್ತಿ ಕಿತ್ತ ಗಿಡಗಳ ಲೆಕ್ಕ ಇದ್ದರೆ ಅದನ್ನೂ ಹಾಕಿ. ಇಂಚು ಮಿಲಿಮೀಟರ್ ಬೆರೆತಿರುತ್ತದೆ, ನೋಡಿಕೊಳ್ಳಿ. ಮಾದರಿ ಮಾಡಲು ನೆಟ್‌ಲೋಗೋ ಅಂತ ಉಚಿತ ಸಾಫ್ಟ್‌ವೇರ್ ಇದೆ, ಕೋಡಿಂಗ್ ಗೊತ್ತಿಲ್ಲದವರೂ ಕಲಿಯಬಹುದು. ಸಾಂಟಾ ಫೆಯವರ ಕಾಂಪ್ಲೆಕ್ಸಿಟಿ ಎಕ್ಸ್‌ಪ್ಲೋರರ್‌ನಲ್ಲಿ ಪಾಠಗಳೂ ಉಚಿತ. ಒಂದು ತೋಟ, ಎರಡು ಜಾತಿ ಕಾಫಿ, ನೆರಳು, ಬೋರರ್, ಬೆಲೆ, ಇಷ್ಟೇ ಇಟ್ಟುಕೊಂಡು ಶುರು ಮಾಡಿ. ಆನೆಯನ್ನು ಆಮೇಲೆ ಸೇರಿಸೋಣ. ಮಾಡಿದ್ದನ್ನು ಇಲ್ಲೇ ಹಾಕಿ, ನಾನು ನೋಡುತ್ತೇನೆ.