ತಮಟೆಗೆ ಮಾಡಿದ ಮೇಕೆ ಚರ್ಮ: ಒಣಗಿದ ಮೇಲೆ ಹಳದಿ ಕಲೆ, ಕೆಟ್ಟ ವಾಸನೆ, ಮೊಳೆ ಹತ್ತಿರ ಹರಿಯುತ್ತಿದೆ

ತಿಪಟೂರು ತಮಟೆ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ತಂಡಕ್ಕೆ ತಮಟೆ ಕಟ್ಟುತ್ತೇನೆ. ಈಗ ಬೇರೆ ತಂಡದವರೂ ಒಣಗಿದ ಚರ್ಮ ಕೊಡಿ ಅಂತ ಕೇಳುತ್ತಿದ್ದಾರೆ. ಫೈಬರ್ ಹಾಳೆ ಎಷ್ಟೇ ಸಲೀಸಾದರೂ ಚರ್ಮದ ನಾದವೇ ಬೇಕು ಅನ್ನುವವರು ಇನ್ನೂ ಇದ್ದಾರೆ. ಅವರಿಗೆ ಒಳ್ಳೆಯ ಮಾಲು ಕೊಡಬೇಕು ಅನ್ನುವುದು ನನ್ನ ಆಸೆ.

ಈ ಸಲದ ಚರ್ಮಗಳಲ್ಲಿ ಮೂರು ತೊಂದರೆ ಬಂದಿದೆ. ಬೆನ್ನಿನ ಮೇಲೆ, ಬಾಲದ ಬುಡದ ಹತ್ತಿರ ಹಳದಿ ಕಲೆ ಇದೆ. ಮುಟ್ಟಿದರೆ ಜಿಡ್ಡು, ಬಡಿದರೆ ಅಲ್ಲಿ ಮಂಕು ಸದ್ದು. ಹೊಟ್ಟೆ ಕಡೆ ಕೂದಲಿನ ಜೊತೆ ಮೇಲಿನ ತೆಳು ಪದರವೂ ಸುಲಿದು ಬಂದಿದೆ. ಇನ್ನು ಅಂಚು ಎಲ್ಲಾ ಒಣಗಿ ಗಟ್ಟಿಯಾಗಿ ಮೊಳೆ ಹತ್ತಿರ ಹರಿದಿದೆ, ಆದರೆ ನಡುವಿನ ಭಾಗ ಮೆತ್ತಗೇ ಇದ್ದು ಆಮೇಲೆ ವಾಸನೆ ಬರಲು ಶುರುವಾಯಿತು. ತೆಗೆದುಕೊಂಡವರು ವಾಪಸ್ ತಂದುಕೊಟ್ಟರು. ಕೂದಲು ಬಿಡಿಸಲು ಹಾಕಿದ ಸುಣ್ಣ ಜಾಸ್ತಿ ಆಯಿತಾ? ಇಲ್ಲಾ ಕಡಿಮೆ ಆಯಿತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹದದ ಮನೆ

ತಮ್ಮಾ, ಸುಣ್ಣದ ಮಾತು ಆಮೇಲೆ. ಮೊದಲು ಇಷ್ಟು ಹೇಳು. ಪ್ರಾಣಿ ಕಡಿದ ಎಷ್ಟು ಹೊತ್ತಿಗೆ ಚರ್ಮ ನಿನ್ನ ಕೈಗೆ ಬಂತು, ಯಾವುದರಲ್ಲಿ ತಂದೆ? ಕುರಿಯೋ ಮೇಕೆಯೋ ನೀನೇ ನೋಡಿದ್ದೀಯಾ? ಸುಣ್ಣದ ನೀರಿನಲ್ಲಿದ್ದಾಗ ದಿನಾ ಕೈಯಾಡಿಸಿದೆಯಾ? ಒಳಮೈ ಯಾವುದರ ಮೇಲೆ ಹಾಕಿ ಹೆರೆದೆ? ಎಲ್ಲಿ ಒಣಗಿಸಿದೆ?

ತಿಪಟೂರು ತಮಟೆ

ಮೇಕೆಯೇ ಅಣ್ಣ, ಕಡಿಯುವಾಗ ನಾನೇ ಇದ್ದೆ. ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಯಲ್ಲಿ ಸುಲಿದದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಟ್ಟಿದ್ದರು. ಸಂಜೆ ಹೋಗಿ ತಂದೆ. ಸುಣ್ಣ ಅಂದರೆ ಗೋಡೆಗೆ ಬಳಿಯುವ ಪುಡಿ, ಡ್ರಮ್ಮಿನ ನೀರಿಗೆ ಕಲಸಿ ಚರ್ಮ ಮುಳುಗಿಸಿಟ್ಟೆ. ನಡುವೆ ಕೈ ಹಾಕಲಿಲ್ಲ. ಹೆರೆದದ್ದು ನೆಲದ ಮೇಲೆ ಹಲಗೆ ಇಟ್ಟು, ಅಡುಗೆ ಚಾಕುವಿನಲ್ಲಿ. ಒಣಗಿಸಿದ್ದು ಪ್ಲೈವುಡ್ ಮೇಲೆ ಮೊಳೆ ಹೊಡೆದು, ಶೀಟಿನ ಮಾಡಿನ ಮೇಲೆ, ಬಿಸಿಲಿಗೆ.

ಹದದ ಮನೆ

ಸರಿ, ಈಗ ಗೊತ್ತಾಯಿತು. ಮೂರೂ ಬೇರೆ ಬೇರೆ ತೊಂದರೆ. ಒಂದಕ್ಕೂ ಸುಣ್ಣ ಜಾಸ್ತಿ ಆಗಿದ್ದು ಕಾರಣ ಅಲ್ಲ. ಬಿಸಿ ಮತ್ತು ನೆಣ (ಕೊಬ್ಬು), ಇವೆರಡೇ ನಿನ್ನ ಚರ್ಮ ಕೆಡಿಸಿರುವುದು.

ಹೊಟ್ಟೆ ಕಡೆ ಸುಲಿದದ್ದು ಪ್ಲಾಸ್ಟಿಕ್ ಚೀಲದಲ್ಲಿ ಶುರುವಾಗಿದೆ. ಆಗ ತಾನೇ ಸುಲಿದ ಚರ್ಮಕ್ಕೆ ಪ್ರಾಣಿಯ ಮೈಬಿಸಿ ಇರುತ್ತದೆ. ಚೀಲ ಕಟ್ಟಿದರೆ ಆ ಬಿಸಿ ಹೊರಗೆ ಹೋಗುವುದಿಲ್ಲ. ಕೊಳೆಸುವ ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು. ಕಂಕುಳು, ತೊಡೆಸಂದಿ, ಹೊಟ್ಟೆ ತೆಳು ಜಾಗ, ಅಲ್ಲೇ ಮೊದಲು ಕೂದಲಿನ ಬುಡ ಸಡಿಲವಾಗುತ್ತದೆ. ಹಸಿ ಚರ್ಮದಲ್ಲೇ ಕೂದಲು ಎಳೆದು ನೋಡಬೇಕಿತ್ತು. ಸುಣ್ಣ ಮುಟ್ಟಿಸುವ ಮೊದಲೇ ಜುಟ್ಟಾಗಿ ಕಿತ್ತು ಬಂದರೆ ಆ ಚರ್ಮ ಕೊಳೆಯಲು ಹತ್ತಿದೆ ಅಂತಲೇ ಅರ್ಥ.

ಇನ್ನು ಮುಂದೆ ಅಂಗಡಿಯವರಿಗೆ ಹೇಳಿಟ್ಟು, ಸುಲಿದ ತಕ್ಷಣ ನೆರಳಲ್ಲಿ ತಣ್ಣನೆ ಕಲ್ಲು ನೆಲದ ಮೇಲೆ ಒಳಮೈ ಮೇಲಾಗಿ ಹರಡಿಸು. ಆರಿದ ಮೇಲೆ ಗೋಣಿಚೀಲದಲ್ಲಿ ತಾ. ಅವತ್ತೇ ಕೆಲಸ ಶುರು ಮಾಡಲು ಆಗದಿದ್ದರೆ ಉಪ್ಪು ಹಾಕು. ಚರ್ಮದ ತೂಕದ ಅರ್ಧದಷ್ಟು ಉಪ್ಪು ಬೇಕು. ಒಂದೂವರೆ ಕೆಜಿ ಚರ್ಮಕ್ಕೆ ಮುಕ್ಕಾಲು ಕೆಜಿ. ಒಳಮೈಗೆ ಅಂಚಿನವರೆಗೂ ತಿಕ್ಕಿ, ನೀರು ಬಸಿದು ಹೋಗುವ ಹಾಗೆ ಇಳಿಜಾರಾಗಿ ಇಡು. ಆದರೆ ತಮಟೆಯ ಚರ್ಮದಲ್ಲಿ ಆ ಉಪ್ಪು ಉಳಿಯಬಾರದು. ಉಪ್ಪು ಗಾಳಿಯ ತೇವ ಎಳೆಯುತ್ತದೆ, ಮಳೆಗಾಲದಲ್ಲಿ ತಮಟೆ ಸಡಿಲ ಬೀಳುತ್ತದೆ. ನೀರು ಬದಲಿಸಿ ಬದಲಿಸಿ ತೊಳೆದ ಮೇಲೆಯೇ ಸುಣ್ಣಕ್ಕೆ ಹಾಕು.

ಸುಣ್ಣದ ವಿಚಾರ. ಒಂದು ಲೀಟರ್ ನೀರಿನಲ್ಲಿ ಕರಗುವ ಸುಣ್ಣ ಎರಡು ಗ್ರಾಂಗಿಂತ ಕಡಿಮೆ. ಮಿಕ್ಕಿದ್ದು ತಳದಲ್ಲಿ ಕೂತಿರುತ್ತದೆ. ಹಾಗಾಗಿ ಜಾಸ್ತಿ ಹಾಕಿದರೆ ನೀರೇನೂ ಜಾಸ್ತಿ ಖಾರ ಆಗುವುದಿಲ್ಲ. ಚರ್ಮ ಸುಣ್ಣ ಹೀರಿದ ಹಾಗೆ ತಳದ್ದು ಮತ್ತೆ ಕರಗಬೇಕು, ಅದಕ್ಕೇ ದಿನಕ್ಕೆ ಎರಡು ಸಲ ಕದಡಬೇಕು. ಕದಡದಿದ್ದರೆ ಚರ್ಮ ಮಡಿಸಿಕೊಂಡ ಜಾಗದ ಒಳಗೆ ಸುಣ್ಣ ತಾಗುವುದಿಲ್ಲ, ಅಲ್ಲಿ ಕೂದಲು ಉಳಿಯುತ್ತದೆ. ನೀರಿನ ಮೇಲೆ ತೇಲಿದ ಭಾಗ ಕೊಳೆಯುತ್ತದೆ, ಕಲ್ಲು ಹೇರಿ ಮುಳುಗಿಸು. ಕುತ್ತಿಗೆ ದಪ್ಪ ಜಾಗ, ಕೊನೆಗೆ ಬಿಡುವುದು ಅಲ್ಲಿಯ ಕೂದಲು. ಅದು ಹೆಬ್ಬೆರಳಿನಲ್ಲಿ ತಳ್ಳಿದರೆ ಜಾರಿತು ಅಂದರೆ ತೆಗಿ, ದಿನ ಎಣಿಸಬೇಡ. ಚಳಿಗಾಲದಲ್ಲಿ ನಿಧಾನ, ಬೇಸಿಗೆಯಲ್ಲಿ ಬೇಗ.

ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿಂದುಹಾಕುತ್ತದೆ. ಸುಟ್ಟ ಸುಣ್ಣದ ಕಲ್ಲು ಅರಳಿಸುವುದಾದರೆ ಪೂರ್ತಿ ತಣ್ಣಗಾದ ಮೇಲೆಯೇ ಚರ್ಮ ಹಾಕು. ಕೈಗೆ ಗ್ಲೌಸ್ ಹಾಕಿಕೋ, ಕಣ್ಣಿಗೆ ಕನ್ನಡಕ ಇಲ್ಲದೆ ಕದಡಬೇಡ. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು.

ಈಗ ಹಳದಿ ಕಲೆ. ಅದು ನೆಣ. ಒಳಮೈ ಮೇಲೆ ಪೊರೆ ಇರುತ್ತದೆ, ಅದರ ಕೆಳಗೆ ನೆಣ ಅಡಗಿರುತ್ತದೆ. ಹಸಿ ಇದ್ದಾಗ ಬಿಳಿ, ಕಣ್ಣಿಗೆ ಬೀಳುವುದಿಲ್ಲ. ಬಿಸಿಲಿಗೆ ಕರಗಿ ಚರ್ಮದ ಎಳೆಗಳ ಒಳಗೆ ಇಳಿಯುತ್ತದೆ. ಆ ಜಾಗ ಸರಿಯಾಗಿ ಒಣಗುವುದಿಲ್ಲ, ನಾದ ಕೊಡುವುದಿಲ್ಲ, ಚರ್ಮ ಅಂಟಿಸುವ ಹುಣಸೆ ಬೀಜದ ಅಂಟೂ ಅಲ್ಲಿ ಹಿಡಿಯುವುದಿಲ್ಲ. ದಿನ ಕಳೆದ ಹಾಗೆ ಕಮಟು ಹಿಡಿಯುತ್ತದೆ. ಕುರಿ ಚರ್ಮದಲ್ಲಂತೂ ಪದರದ ಒಳಗೇ ನೆಣ ಇರುತ್ತದೆ, ಅದಕ್ಕೇ ನಾನು ಮೇಕೆಯೋ ಅಂತ ಕೇಳಿದ್ದು.

ನೆಲದ ಮೇಲಿನ ಹಲಗೆ, ಅಡುಗೆ ಚಾಕು ಎರಡನ್ನೂ ಬಿಡು. ಚಪ್ಪಟೆ ಹಲಗೆಯ ಮೇಲೆ ಚಾಕುವಿನ ತುದಿ ಚುಚ್ಚುತ್ತದೆ, ನಡು ಭಾಗ ತಾಗುವುದೇ ಇಲ್ಲ. ದುಂಡಗಿನ ಮರದ ದಿಮ್ಮಿ ಬೇಕು. ತೆಂಗಿನ ಮರದ ತುಂಡು ಆಗುತ್ತದೆ, ಆರೆಂಟು ಇಂಚಿನ ದಪ್ಪ ಪಿವಿಸಿ ಪೈಪೂ ಆಗುತ್ತದೆ. ಒಂದು ತುದಿ ನೆಲಕ್ಕೆ, ಇನ್ನೊಂದು ತುದಿ ನಿನ್ನ ಹೊಟ್ಟೆಯ ಎತ್ತರಕ್ಕೆ ಬರುವ ಹಾಗೆ ಓರೆಯಾಗಿ ನಿಲ್ಲಿಸು. ಚರ್ಮದ ಅಂಚನ್ನು ಹೊಟ್ಟೆಗೂ ದಿಮ್ಮಿಗೂ ನಡುವೆ ಒತ್ತಿ ಹಿಡಿ. ಎರಡೂ ಕಡೆ ಹಿಡಿ ಇರುವ ಮೊಂಡು ಕಬ್ಬಿಣದ ಪಟ್ಟಿಯಲ್ಲಿ ನಿನ್ನಿಂದ ದೂರಕ್ಕೆ ತಳ್ಳು. ಕತ್ತರಿಸುವುದಲ್ಲ, ತಳ್ಳುವುದು. ಒಮ್ಮೆ ಪೊರೆಯ ಅಂಚು ಎದ್ದರೆ ಮಿಕ್ಕದ್ದು ಹಾಳೆಯಾಗಿ ಬರುತ್ತದೆ. ಕುತ್ತಿಗೆಯಿಂದ ಬಾಲಕ್ಕೆ ಹೋಗು. ಹೊಟ್ಟೆ ಮತ್ತು ಪಕ್ಕೆಯಲ್ಲಿ ಕೈ ಹಗುರ ಇರಲಿ. ಹೆಣ್ಣು ಮೇಕೆಯ ಕೆಚ್ಚಲಿನ ಜಾಗದಲ್ಲಿ ಜೋರು ಮಾಡಿದರೆ ತೂತು ಬೀಳುವುದು ಖಂಡಿತ. ದಿಮ್ಮಿಯ ಮೇಲೆ ಒಂದು ಕೂದಲು, ಒಂದು ಮರಳಿನ ಕಣ ಇದ್ದರೂ ಅಲ್ಲೇ ಹರಿಯುತ್ತದೆ. ಆಗಾಗ ನೀರು ಸುರಿದು ಒರೆಸು.

ನಾವು ಸುಣ್ಣಕ್ಕೆ ಹಾಕುವ ಮೊದಲು ಒಮ್ಮೆ ದಪ್ಪ ಮಾಂಸ, ನೆಣ ತೆಗೆಯುತ್ತೇವೆ. ಸುಣ್ಣದಿಂದ ಎತ್ತಿ ಕೂದಲು ತಳ್ಳಿದ ಮೇಲೆ ಮತ್ತೆ ಒಳಮೈ ಹೆರೆಯುತ್ತೇವೆ. ಆಗ ಚರ್ಮ ಉಬ್ಬಿರುತ್ತದೆ, ಉಳಿದ ಪೊರೆ ಎದ್ದು ಕಾಣುತ್ತದೆ. ಆಮೇಲೆ ಅಂಟುವಾಳದ ನೀರಿನಲ್ಲಿ ತಿಕ್ಕಿ ತೊಳಿ. ನೀರು ಬೆಚ್ಚಗೂ ಇರಬಾರದು, ಕೈಗೆ ತಣ್ಣಗೇ ಇರಲಿ.

ಚಿತ್ರದುರ್ಗ ನೆರಳು

ನಾನು ತೊಗಲು ಬೊಂಬೆ ಕಲಿಯುತ್ತಿದ್ದೇನೆ. ಹದದ ಮನೆಯವರ ಮಾತಿಗೆ ಒಂದು ಸೇರಿಸುತ್ತೇನೆ. ಹೆರೆದ ಚರ್ಮವನ್ನು ಹಸಿ ಇದ್ದಾಗಲೇ ಬಲ್ಬಿನ ಮುಂದೆ ಹಿಡಿದು ನೋಡಿ. ಪೊರೆ, ನೆಣ ಉಳಿದ ಜಾಗ ಮಸುಕಾಗಿ ಕಾಣುತ್ತದೆ. ನಮಗೆ ಬೊಂಬೆಯಲ್ಲಿ ಬೆಳಕು ಹಾಯಬೇಕು, ಬಣ್ಣ ಹಿಡಿಯಬೇಕು. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದೇ ಇಲ್ಲ.

ಇನ್ನೊಂದು ಮಾತು. ಹಳೆಯ ಬೊಂಬೆಗಳಲ್ಲಿ ಜಿಂಕೆ ಚರ್ಮ, ಹಳೆಯ ಕಂಜೀರಗಳಲ್ಲಿ (ಕೈಯಲ್ಲಿ ಹಿಡಿದು ಬಾರಿಸುವ ಸಣ್ಣ ಚರ್ಮವಾದ್ಯ) ಉಡದ ಚರ್ಮ ಇರುತ್ತಿತ್ತು. ಅದು ಬೇಕು ಅಂತ ಗಿರಾಕಿ ಕೇಳಿದರೆ ಒಪ್ಪಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಮೇಕೆ ಚರ್ಮದಲ್ಲೇ ಒಳ್ಳೆಯ ಕಂಜೀರ ಕಟ್ಟುವವರಿದ್ದಾರೆ.

ರಾಣೆಬೆನ್ನೂರಿನವ

ಇಷ್ಟೆಲ್ಲಾ ಯಾಕೆ ಬೇಕು? ಪಟಿಕ ಮತ್ತು ಉಪ್ಪು ಹಚ್ಚಿ ಒಣಗಿಸಿದರೆ ಕೊಳೆಯುವುದಿಲ್ಲವಲ್ಲ. ಕೂದಲಿಗೆ ಟ್ಯಾನರಿಯವರು ಸೋಡಿಯಂ ಸಲ್ಫೈಡ್ ಹಾಕುತ್ತಾರೆ, ಒಂದೇ ದಿನದ ಕೆಲಸ.

ಹದದ ಮನೆ

ಪಟಿಕ ಹಾಕಿದರೆ ಕೊಳೆಯುವುದಿಲ್ಲ, ನಿಜ. ಆದರೆ ಚರ್ಮ ಬೆಳ್ಳಗೆ, ಮೆತ್ತಗೆ ಆಗುತ್ತದೆ. ಚೀಲಕ್ಕೆ, ಕೈಗವಸಿಗೆ ಚೆನ್ನ. ತಮಟೆಗೆ ಬೇಕಾದದ್ದು ಹದ ಮಾಡದ, ಬಿಗಿಯಾಗಿ ಒಣಗಿದ ಚರ್ಮ.

ಸಲ್ಫೈಡ್ ಮಾತ್ರ ಮನೆಯಲ್ಲಿ ಬೇಡವೇ ಬೇಡ. ಅದಕ್ಕೆ ಹುಳಿ ಪದಾರ್ಥ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಆ ಅನಿಲಕ್ಕೆ ಜನ ಸತ್ತಿದ್ದಾರೆ. ಹಿತ್ತಲಲ್ಲಿ ಮಕ್ಕಳು ಓಡಾಡುವ ಜಾಗದಲ್ಲಿ ಅದನ್ನು ಇಟ್ಟುಕೊಳ್ಳಬಾರದು.

ಇದರ ಜೊತೆಗೇ ಹೇಳಿಬಿಡುತ್ತೇನೆ. ತಾನಾಗಿ ಸತ್ತ ಮೇಕೆಯ ಚರ್ಮ ಯಾರು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಆಂಥ್ರಾಕ್ಸ್ ರೋಗಾಣು ಒಣಗಿದ ಚರ್ಮದಲ್ಲೂ ವರ್ಷಗಟ್ಟಲೆ ಬದುಕಿರುತ್ತದೆ. 2006ರಲ್ಲಿ ನ್ಯೂಯಾರ್ಕ್‌ನಲ್ಲಿ ಆಫ್ರಿಕಾದಿಂದ ತಂದ ಮೇಕೆ ಚರ್ಮ ಹೆರೆಯುತ್ತಿದ್ದ ಡ್ರಮ್ ಕಟ್ಟುವವರೊಬ್ಬರಿಗೆ ಅದು ಉಸಿರಿನ ಮೂಲಕ ತಗುಲಿತ್ತು. ಒಣ ಚರ್ಮ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ತಿಪಟೂರು ತಮಟೆ

ಬಹಳ ಉಪಕಾರ ಅಣ್ಣ. ಹೊಸ ಚರ್ಮ ಈಗ ಕೂದಲು ಬಿಟ್ಟು, ಎರಡನೇ ಸಲ ಹೆರೆದು ಆಯಿತು. ಬಲ್ಬಿಗೆ ಹಿಡಿದರೆ ಪಕ್ಕೆಯಲ್ಲಿ ಪೊರೆ ಕಂಡಿತು, ಅದನ್ನೂ ತೆಗೆದೆ. ಇನ್ನು ತೊಳೆಯುವುದು ಎಷ್ಟು ಹೊತ್ತು? ಸುಣ್ಣ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಬಿಗಿಯುವುದು ಹೇಗೆ ಅಂತಲೂ ಹೇಳಿ.

ಹದದ ಮನೆ

ಸುಣ್ಣ ಉಳಿದಿದೆಯೋ ಇಲ್ಲವೋ ನೋಡಲು ಅರಿಶಿನ ಸಾಕು. ಕುತ್ತಿಗೆಯ ಅಂಚಿನಲ್ಲಿ ಸಣ್ಣ ಚೂರು ಕತ್ತರಿಸು. ಕತ್ತರಿಸಿದ ಮೈಗೆ ನೀರಲ್ಲಿ ಕಲಸಿದ ಅರಿಶಿನ ಹಚ್ಚು. ಕೆಂಪಾದರೆ ಒಳಗೆ ಸುಣ್ಣ ಇದೆ. ಆರತಿ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ. ಹಳದಿಯಾಗಿಯೇ ಉಳಿಯುವ ತನಕ ನೀರು ಬದಲಿಸು. ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಸೇರಿಸಿದರೆ ಬೇಗ ಆಗುತ್ತದೆ. ಸುಣ್ಣ ಉಳಿದ ಚರ್ಮ ಒಣಗಿದ ಮೇಲೆ ಪೆಡಸಾಗಿ ಬಿರುಕು ಬಿಡುತ್ತದೆ.

ಬಿಗಿಯಲು ಪ್ಲೈವುಡ್ ಬೇಡ. ಹಿಂದೆ ಹಲಗೆ ಇದ್ದರೆ ಆ ಕಡೆಗೆ ಗಾಳಿಯೇ ಇಲ್ಲ. ನಾಲ್ಕು ಗಳ (ಉದ್ದನೆಯ ಕೋಲು) ಕಟ್ಟಿ ಚೌಕಟ್ಟು ಮಾಡು. ಮೊಳೆಯ ಬದಲು ಚರ್ಮದ ಅಂಚಿನಲ್ಲಿ ಗೋಲಿಯಷ್ಟು ದಪ್ಪದ ನುಣುಪು ಕಲ್ಲು ಇಟ್ಟು, ಚರ್ಮ ಮಡಿಸಿ, ಕಲ್ಲಿನ ಹಿಂದೆ ಹುರಿ ಗಂಟು ಹಾಕು. ಹುರಿಯ ಇನ್ನೊಂದು ತುದಿ ಚೌಕಟ್ಟಿಗೆ. ಹೀಗೆ ಮಾಡಿದರೆ ತೂತೂ ಇಲ್ಲ, ಹರಿಯುವುದೂ ಇಲ್ಲ. ಮೊದಲು ಕುತ್ತಿಗೆ ಮತ್ತು ಬಾಲ, ಆಮೇಲೆ ಪಕ್ಕೆ ಎದುರುಬದುರು, ಕೊನೆಗೆ ಕಾಲುಗಳು. ಮೊದಲ ಸಲವೇ ಪೂರ್ತಿ ಎಳೆಯಬೇಡ. ಚರ್ಮ ಒಣಗುತ್ತಾ ತಾನೇ ಕುಗ್ಗುತ್ತದೆ. ಸುಕ್ಕು ಹೋಗುವಷ್ಟು ಎಳಿ. ಅರ್ಧ ಒಣಗಿದಾಗ ಸಡಿಲ ಬಿದ್ದ ಹುರಿಗಳನ್ನು ಮತ್ತೆ ಬಿಗಿ ಮಾಡು.

ಒಣಗಿಸುವುದು ನೆರಳಿನಲ್ಲಿ, ಗಾಳಿ ಆಡುವ ಜಾಗದಲ್ಲಿ. ಇದನ್ನು ಒತ್ತಿ ಹೇಳುತ್ತೇನೆ, ಜನ ಹಾಳು ಮಾಡಿಕೊಳ್ಳುವುದು ಇಲ್ಲೇ. ಒದ್ದೆ ಚರ್ಮ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಯುತ್ತದೆ, ಎಳೆಗಳು ಮುದುಡುತ್ತವೆ. ಸುಣ್ಣ ಕಂಡ ಚರ್ಮ ಅದಕ್ಕೂ ಮೊದಲೇ ಕೆಡುತ್ತದೆ. ಬೇಸಿಗೆಯ ಮಧ್ಯಾಹ್ನ ಶೀಟಿನ ಮೇಲೆ ಕೈ ಇಡಲು ಆಗುವುದಿಲ್ಲ ಅಲ್ವಾ? ಅಲ್ಲಿಟ್ಟ ಚರ್ಮದ ಅಂಚು ಬೆಂದು ಗಟ್ಟಿಯಾಯಿತು, ಕುಗ್ಗಿ ಮೊಳೆಗೆ ಜಗ್ಗಿ ಹರಿಯಿತು. ಮೇಲ್ಮೈ ಬೇಗ ಒಣಗಿ ಮುಚ್ಚಿಕೊಂಡಿತು, ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ನಡುವೆ ಕೊಳೆಯಿತು. ಮಳೆಗಾಲದಲ್ಲಿ ಫ್ಯಾನ್ ಹಾಕು. ಬೆಂಕಿ ಕಾಯಿಸಬೇಡ. ಬಾರಿಸುವ ಮೊದಲು ತಮಟೆ ಕಾಯಿಸುವುದು ಬೇರೆ ಮಾತು. ಅದು ಒಣಗಿದ ಚರ್ಮ, ಗಾಳಿಯಿಂದ ಹೀರಿದ ತೇವ ಮಾತ್ರ ಹೋಗಬೇಕು. ಹಸಿ ಚರ್ಮಕ್ಕೆ ಅದೇ ಬೆಂಕಿ ಶತ್ರು.

ತಿಪಟೂರು ತಮಟೆ

ಚೌಕಟ್ಟಿನಲ್ಲಿ ಒಣಗಿತು ಅಣ್ಣ. ಹಳದಿ ಇಲ್ಲ, ವಾಸನೆ ಇಲ್ಲ, ಬೆರಳಲ್ಲಿ ತಟ್ಟಿದರೆ ಬೆನ್ನಿನ ಭಾಗ ಟಣ್ ಅನ್ನುತ್ತದೆ. ಪಕ್ಕೆ ಕಡೆ ಮಾತ್ರ ಅಲೆ ಅಲೆಯಾಗಿದೆ. ಮಾರುವ ತನಕ ಹೇಗೆ ಇಡಲಿ? ಹಳೆಯ ಕಲೆಯ ಚರ್ಮಗಳನ್ನು ಏನು ಮಾಡಲಿ?

ಹದದ ಮನೆ

ಬಹಳ ಸಂತೋಷ ಆಯಿತು ತಮ್ಮಾ. ಪಕ್ಕೆ ತೆಳು, ಬೆನ್ನು ದಪ್ಪ, ಎರಡೂ ಒಂದೇ ಸಮ ಕುಗ್ಗುವುದಿಲ್ಲ. ಅದಕ್ಕೇ ಅಲೆ. ಮುಂದಿನ ಸಲ ಪಕ್ಕೆಗೆ ಹುರಿ ಹತ್ತಿರ ಹತ್ತಿರ ಕಟ್ಟು. ಈಗಿನದ್ದಕ್ಕೆ ಚಿಂತೆ ಬೇಡ, ತಮಟೆಗೆ ಕೂರಿಸುವಾಗ ಹೇಗೂ ನೆನೆಸುತ್ತಾರೆ. ಬೆನ್ನುಮೂಳೆಯ ಗೆರೆ ತಮಟೆಯ ನಡುವೆ ಬರುವ ಹಾಗೆ ಕತ್ತರಿಸಿದರೆ ಎರಡು ಕಡೆಯೂ ಸಮ ದಪ್ಪ ಸಿಗುತ್ತದೆ.

ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡ, ಮಡಿಸಬೇಡ. ಮಡಿಸಿದ ಗೆರೆಯಲ್ಲಿ ಬಿರುಕು ಬರುತ್ತದೆ. ಇಲಿ ಹತ್ತದ ಎತ್ತರದಲ್ಲಿ, ಗಾಳಿ ಆಡುವ ಹಾಗೆ ನೇತುಹಾಕು. ಚರ್ಮ ತಿನ್ನುವ ಸಣ್ಣ ಕಂದು ಹುಳ ಬರುತ್ತದೆ, ಅದರ ಮರಿಗೆ ಮೈತುಂಬಾ ಕೂದಲು. ವಾರಕ್ಕೊಮ್ಮೆ ಕೊಡವಿ ಎರಡು ಮೈಯೂ ನೋಡು. ಸಣ್ಣ ತೂತು ಕಂಡರೆ ಆ ಚರ್ಮ ಬೇರೆ ಮಾಡು.

ಕಲೆಯ ಚರ್ಮವನ್ನು ತಮಟೆಗೆ ಅಂತ ಯಾರಿಗೂ ಕೊಡಬೇಡ. ಬೆಂದ ಅಂಚು, ಜಿಡ್ಡಿನ ಜಾಗ, ವಾಸನೆ ಬಂದ ನಡುಭಾಗ ಬಿಸಾಡು. ಗಟ್ಟಿ ಉಳಿದ ಭಾಗ ನೆನೆಸಿ, ಹೊರಗಿನಿಂದ ಒಳಗೆ ಸುತ್ತುತ್ತಾ ಕತ್ತರಿಸಿದರೆ ಉದ್ದನೆಯ ಬಾರು ಬರುತ್ತದೆ. ಡೊಳ್ಳು ಕಟ್ಟುವವರು ಕೇಳಿದರೆ ಕೊಡು. ಕೊಡುವ ಮೊದಲು ಪ್ರತಿ ಬಾರನ್ನೂ ಜಗ್ಗಿ ನೋಡು.