ಮೋರಿ, ಒಳಚರಂಡಿ, ಆಳುಗುಂಡಿ: ಯಾವುದಕ್ಕೆ ಯಾವ ಪದ?

ಗೆಳೆಯರೇ,

ನಮ್ಮ ಬಡಾವಣೆಗೆ ಒಂದು ಕರಪತ್ರ ಬರೆಯಬೇಕಿದೆ. ಹೇಳಬೇಕಾದ್ದು ಇಷ್ಟೇ: ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಡಬೇಡಿ. ಆದರೆ 'ಒಳಚರಂಡಿ' ಅಂದರೆ ಜನ ಯಾವುದನ್ನು ಅರ್ಥ ಮಾಡಿಕೊಳ್ಳುತ್ತಾರೆ ಅನ್ನೋದೇ ತೊಡಕಾಗಿದೆ.

ಬೆಂಗಳೂರಿನಲ್ಲಿ ಎರಡು ದಾರಿ ಬೇರೆ ಬೇರೆ. ಮಳೆನೀರು ರಸ್ತೆಬದಿಯ ಮೋರಿಗೆ ಬಿದ್ದು ರಾಜಕಾಲುವೆ ಸೇರಬೇಕು. ಅದು ಪಾಲಿಕೆಯ ಕೆಲಸ. ಕಕ್ಕಸು, ಬಚ್ಚಲು, ಅಡುಗೆಮನೆಯ ನೀರು ಮನೆ ಮುಂದಿನ ಚೇಂಬರ್ ದಾಟಿ, ರಸ್ತೆಯಡಿಯ ಕೊಳವೆಯಲ್ಲಿ ಹರಿದು ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಅದು 1964ರ ಕಾಯ್ದೆಯಿಂದ ಹುಟ್ಟಿದ ಜಲಮಂಡಳಿಯ ಹೊಣೆ. ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ರಾಜ್ಯದ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಾಮಗಾರಿ ಮುಗಿಸಿ ಪುರಸಭೆ, ನಗರಸಭೆಗಳಿಗೆ ಒಪ್ಪಿಸುತ್ತದೆ. ಆಮೇಲೆ ನೋಡಿಕೊಳ್ಳುವವರು ಅವರೇ.

ಕಾಗದದಲ್ಲಿ ಒಳಚರಂಡಿ ಅಂದರೆ ಕೊಳಚೆ ನೀರಿನ ಕೊಳವೆ ಮಾತ್ರ. ಬೀದಿಯಲ್ಲಿ ಹಾಗಲ್ಲ. ಮೋರಿ ಮೇಲೆ ಕಲ್ಲುಚಪ್ಪಡಿ ಹಾಸಿದ ಮೇಲೆ ಅದೂ 'ಒಳ'ಗೇ ಆಯ್ತಲ್ವಾ! ಹಾಗಾಗಿ ಎರಡೂ ಒಂದೇ ಅಂದುಕೊಂಡು ತಾರಸಿಯ ಪೈಪನ್ನು ಹತ್ತಿರದ ಚೇಂಬರಿಗೆ ಜೋಡಿಸಿಬಿಡುತ್ತಾರೆ. ಆ ಕೊಳವೆಯ ಅಳತೆ ಮನೆಗಳ ಕೊಳಚೆಗೆ ತಕ್ಕಷ್ಟೇ ಇರುತ್ತದೆ. ಜೋರು ಮಳೆ ಬಂದರೆ ತುಂಬಿ, ಮುಚ್ಚಳ ಎತ್ತಿಕೊಂಡು ರಸ್ತೆಗೆ ಉಕ್ಕುತ್ತದೆ. ತಗ್ಗಿನ ಮನೆಗಳ ಬಚ್ಚಲಲ್ಲೇ ವಾಪಸ್ ಬರುತ್ತದೆ.

ಸದ್ಯಕ್ಕೆ ನಾನು 'ಮಳೆನೀರಿನ ಮೋರಿ', 'ಕೊಳಚೆ ಕೊಳವೆ' ಅಂತ ಬರೆದುಕೊಂಡಿದ್ದೇನೆ. ಎರಡನೆಯದು ಕಿವಿಗೆ ಸ್ವಲ್ಪ ಒರಟು. ಆದರೂ ಯಾರಿಗೂ ಗೊಂದಲವಾಗದು. 'ಯುಜಿಡಿ' (ಅಂಡರ್‌ಗ್ರೌಂಡ್ ಡ್ರೈನೇಜ್) ಎಲ್ಲರ ಬಾಯಲ್ಲೂ ಇದೆ, ಅದನ್ನೇ ಹಾಕಿಬಿಡಲಾ ಅಂತಲೂ ಅನ್ನಿಸಿತು.

ಇನ್ನೊಂದು ಪದ ಇದಕ್ಕಿಂತ ಜಾಸ್ತಿ ಕಾಡುತ್ತಿದೆ: ಆಳುಗುಂಡಿ. ಪತ್ರಿಕೆಗಳು ಮ್ಯಾನ್‌ಹೋಲ್‌ಗೆ ಹೀಗೆ ಬರೆಯುತ್ತವೆ. ಆಳು ಇಳಿಯುವ ಗುಂಡಿ. 'ಆಳವಾದ ಗುಂಡಿ' ಅಂತ ಓದಿಕೊಳ್ಳುವವರೂ ಇದ್ದಾರೆ, ಬಿಡಿ. ನನ್ನ ತಕರಾರು 'ಆಳು' ಬಗ್ಗೆ. ರಕ್ಷಣಾ ಸಾಧನಗಳಿಲ್ಲದೆ ಜನರನ್ನು ಒಳಚರಂಡಿಗೆ ಇಳಿಸಿ ಶುಚಿ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಈಗ ಆ ಗುಂಡಿಗೆ ಇಳಿಯಬೇಕಾದ್ದು ಜೆಟ್ಟಿಂಗ್ ಗಾಡಿಯ ಹೋಸ್. ಅದರ ಮೂತಿಯಿಂದ ನೀರು ಹಿಂದಕ್ಕೆ ಚಿಮ್ಮುತ್ತದೆ, ಆ ರಭಸಕ್ಕೆ ಹೋಸ್ ತಾನೇ ಮುಂದಕ್ಕೆ ನುಗ್ಗುತ್ತದೆ. ವಾಪಸ್ ಎಳೆದಾಗ ಹೂಳು, ಬಟ್ಟೆ, ಪ್ಲಾಸ್ಟಿಕ್ ಎಲ್ಲ ಗುಂಡಿಗೆ ಬಂದು ಬೀಳುತ್ತದೆ. ಸಕ್ಕಿಂಗ್ ಮೆಷಿನ್ ಅದನ್ನು ಹೀರಿಕೊಳ್ಳುತ್ತದೆ.

ಕೇಂದ್ರ ಸರ್ಕಾರದವರು 'ಮಷೀನ್ ಹೋಲ್' ಅನ್ನತೊಡಗಿದ್ದಾರೆ. 'ಯಂತ್ರಗುಂಡಿ' ಅಂತ ಮಾಡಿದರೆ ಸುಮ್ನೆ ನಗೆಪಾಟಲು. 'ಚರಂಡಿ ಬಾಯಿ' ಹೇಗೆ? ಬಾವಿಗೆ, ಚೀಲಕ್ಕೆ ಬಾಯಿ ಇದ್ದ ಹಾಗೆ. ಆದರೆ ಇಲ್ಲಿ ಮತ್ತೆ 'ಚರಂಡಿ' ನುಸುಳಿತು.

ಹುಬ್ಬಳ್ಳಿ-ಧಾರವಾಡದ ಕಡೆಯವರು ಹೇಳಿ, ನಿಮ್ಮಲ್ಲಿ 'ಗಟಾರ' ಅಂದರೆ ತೆರೆದದ್ದು ಮಾತ್ರವೋ, ನೆಲದಡಿಯದೂ ಸೇರುತ್ತದೋ? ಕರಾವಳಿಯವರು ಮಳೆನೀರು ಹರಿಯುವ ತೋಡಿಗೂ ಕೊಳಚೆ ಪೈಪಿಗೂ ಮಾತಿನಲ್ಲಿ ಹೇಗೆ ವ್ಯತ್ಯಾಸ ಮಾಡುತ್ತೀರಿ? ಗುಂಡಿಗೆ ಕೆಲಸಗಾರರೇ ಬಳಸುವ ಪದ ಯಾರಾದರೂ ಕೇಳಿದ್ದರೆ ಅದನ್ನೂ ತಿಳಿಸಿ. ಕರಪತ್ರ ಮುಂಗಾರಿಗೆ ಮುಂಚೆ ಅಚ್ಚಿಗೆ ಹೋಗಬೇಕು.